ಒಂದಿಂಚು ಗಾಜು

ಕಾರಿನ ಗಾಜು ಏರಿಸುವುದಕ್ಕೂ ಒಂದು ಯಂತ್ರ ಬೇಕೇ ಎಂದು ಕೇಳುವವರು ಹೈದರಾಬಾದಿನಲ್ಲಿ ಜೂನ್ ತಿಂಗಳು ಕಳೆದವರಲ್ಲ. ಮೂರು ಗಂಟೆಗೆ ನೆತ್ತಿ ಸುಡುವ ಬಿಸಿಲು. ನಾಲ್ಕಕ್ಕೆ ಖೈರತಾಬಾದಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಬರುತ್ತೇನೆಂದು ಹೇಳಿ ಬರುವ ಸೌಜನ್ಯ ಈ ಊರಿನ ಮಳೆಗಿಲ್ಲ. ಬೆಳಿಗ್ಗೆ ಸೆಕೆಯೆಂದು ಗಾಜು ಇಳಿಸಿಟ್ಟು ಹೋದರೆ ಸಂಜೆ ಸೀಟು ನೆನೆಸಿಟ್ಟ ಅವಲಕ್ಕಿಯ ಹಾಗೆ ಉಬ್ಬಿಕೊಂಡಿರುತ್ತದೆ.

ನಮ್ಮ ಕಾರಿಗೆ ಗಾಜು ನಾಲ್ಕು, ಇಳಿಸುವವರೂ ನಾಲ್ವರು, ಏರಿಸುವವರು ಮಾತ್ರ ಯಾರೂ ಇಲ್ಲ. ಲಿಫ್ಟಿನಲ್ಲಿ ಮೇಲೆ ಬಂದು ಚಪ್ಪಲಿ ಬಿಟ್ಟ ಮೇಲೆಯೇ ಎಲ್ಲರಿಗೂ ಅದರ ನೆನಪು. "ನೀವು ಏರ್ಸಿರಿ ಅಂತ ತಿಳ್ಕೊಂಡೆ" ಎನ್ನುವುದು ನಮ್ಮ ಮನೆಯಲ್ಲಿ ಪೂರ್ಣ ಪ್ರಮಾಣದ ಉತ್ತರ. ಕಾರು ಲಾಕ್ ಮಾಡಿದ ಕೂಡಲೇ ಗಾಜುಗಳೆಲ್ಲ ತಾವಾಗಿ ಏರಿಕೊಳ್ಳುವಂಥ ಒಂದು ಡಬ್ಬಿ ಸಿಗುತ್ತದೆಂದು ಗೊತ್ತಾದಾಗ, ಇದು ಸಂಸಾರಸ್ಥರಿಗಾಗಿಯೇ ಯಾರೋ ಪುಣ್ಯಾತ್ಮ ಮಾಡಿದ್ದು ಅನಿಸಿತು.

ಲಕ್ಡಿಕಾಪುಲ್ ಕಡೆ ಕಾರಿನ ಅಲಂಕಾರದ ಅಂಗಡಿಗಳು ಸಾಲಾಗಿವೆ. ಸೀಟ್ ಕವರು, ಹಾರ್ನು, ಡ್ಯಾಶ್‌ಬೋರ್ಡಿನ ಮೇಲೆ ತಲೆಯಾಡಿಸುವ ನಾಯಿ, ಏನು ಬೇಕಾದರೂ ಸಿಗುತ್ತದೆ. ಈ ವ್ಯಾಪಾರಕ್ಕೆ ಸೋಲೆಂಬುದಿಲ್ಲ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟು 2012ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಾಗ, ಅಂಟಿಸಿದ ಕೈಗಳೇ ಕೀಳುವುದಕ್ಕೂ ನಿಂತವು. ಅಂಗಡಿಯ ಹುಡುಗನ ಜೊತೆ ನನ್ನ ಮಾತೆಲ್ಲ ದಖನಿಯಲ್ಲಿ. ಅದನ್ನು ನಾನು ಕಲಿತದ್ದಲ್ಲ; ರಾಯಚೂರಿನವನಾದ್ದರಿಂದ ಬಂದದ್ದು. 1948ರವರೆಗೆ ನಮ್ಮೂರಿಗೂ ಈ ಊರಿಗೂ ಒಬ್ಬನೇ ನಿಜಾಮ. "ವೈರ್ ಕಟಿಂಗ್ ನಕ್ಕೋ ಭಾಯ್" ಎಂದೆ. "ಕೈಕೂ ಕಾಟತೇ ಸಾಬ್, ಕಪ್ಲರ್ ಟು ಕಪ್ಲರ್ ಹೈ" ಎಂದ. ವೈರು ಕತ್ತರಿಸದೆ ಕಂಪನಿಯ ಜೋಡಣೆಯ ನಡುವೆಯೇ ಸಿಕ್ಕಿಸುವುದು ಎಂದರ್ಥ. ಕತ್ತರಿಸಿದರೆ ವಾರಂಟಿಗೆ ಎಳ್ಳುನೀರು.

ಅವನು ಹಿಡಿಯ ಹಿಂದಿನ ಸ್ಕ್ರೂ ಬಿಚ್ಚಿ, ಬಾಗಿಲಿನ ಒಳಹಲಗೆಯ ಸಂದಿಗೆ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಎಳೆದ. ಕ್ಲಿಪ್ಪುಗಳು ಟಕ್ ಟಕ್ ಎಂದು ಬಿಟ್ಟುಕೊಂಡವು. ಒಂದು ಮುರಿಯಿತು. ಹುಡುಗ ಮುಖ ಕೂಡ ತಿರುಗಿಸದೆ ಅಂಗಿಯ ಜೇಬಿನಿಂದ ಇನ್ನೊಂದು ತೆಗೆದ. ಮುರಿಯುವುದೂ ಕೆಲಸದ ಭಾಗವೇ ಇರಬೇಕು. ಹಲಗೆಯ ಹಿಂದೆ ಕರಿ ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಅದರಾಚೆ ಬಾಗಿಲೆಂದರೆ ಬರೀ ಪೊಳ್ಳು: ಮುಷ್ಟಿಯಷ್ಟು ಮೋಟರು, ಒಂದು ಉಕ್ಕಿನ ಕೇಬಲ್ಲು, ಗಾಜು ಹತ್ತಿ ಇಳಿಯುವ ಹಳಿ. ತಳದಲ್ಲಿ ಒಣಗಿದ ಬೇವಿನ ಎಲೆ, ಗಾಜಿನ ಸಂದಿಯಿಂದ ಜಾರಿದ ಪಾರ್ಕಿಂಗ್ ಚೀಟಿ. ಮಳೆನೀರು ಬಾಗಿಲೊಳಗೆ ಹೇಗೂ ಇಳಿದೇ ಇಳಿಯುತ್ತದೆ. ಹೊರಹೋಗಲೆಂದು ಕೆಳಗೆ ತೂತುಗಳಿರುತ್ತವೆ. ಅದು ನಮ್ಮ ಕಡೆಗೆ ಬರದಂತೆ ತಡೆಯುವುದು ಆ ಬಡಪಾಯಿ ಪ್ಲಾಸ್ಟಿಕ್ ಹಾಳೆ. ಲಕ್ಷಗಟ್ಟಲೆ ಕೊಟ್ಟ ಕಾರಿನ ಮರ್ಯಾದೆ ಇಂಥದರ ಮೇಲೆ ನಿಂತಿದೆ.

ಡಬ್ಬಿಯ ಬುದ್ಧಿ ಸರಳ. ಮೋಟರಿಗೆ ಎರಡು ತಂತಿ. ಕರೆಂಟು ಒಂದು ಕಡೆಯಿಂದ ಹರಿದರೆ ಗಾಜು ಏರುತ್ತದೆ, ತಿರುವುಮುರುವಾದರೆ ಇಳಿಯುತ್ತದೆ. ಲಾಕ್ ಬಿದ್ದ ಸಂಕೇತ ಬಂದರೆ ಡಬ್ಬಿಯ ರಿಲೇ ಟಿಕ್ ಎನ್ನುತ್ತದೆ, ಗಾಜು ಹೊರಡುತ್ತದೆ. ಮೇಲೆ ತಾಗಿ ನಿಂತಾಗ ಮೋಟರು ತಿಣುಕಿ ಕರೆಂಟನ್ನು ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಆಗ ಡಬ್ಬಿ ಕೈಬಿಡುತ್ತದೆ. ಆದರೆ ತಾಗಿದ್ದು ಮೇಲಿನ ರಬ್ಬರಿಗೋ ಯಾರದಾದರೂ ಬೆರಳಿಗೋ ಎಂಬ ವಿವೇಕ ಇದಕ್ಕಿಲ್ಲ. ಕಂಪನಿಯವರೇ ಆಂಟಿ ಪಿಂಚ್ ಕೊಟ್ಟ ಗಾಜು ಎಷ್ಟು ಏರಿದೆ ಎಂದು ಲೆಕ್ಕ ಇಟ್ಟುಕೊಂಡು, ನಡುವೆ ಅಡ್ಡಿ ಬಂದರೆ ಹಿಂದಕ್ಕೆ ಸರಿಯುತ್ತದೆ. ನಮ್ಮದು ಹಿಡಿದ ಹಟ ಬಿಡದ ಜಾತಿ, ಅದೂ ಒಂದಾದ ಮೇಲೊಂದು ಗಾಜು ಏರಿಸುವಂಥದು. ಹಾಗಾಗಿ ಮಕ್ಕಳು ಇಳಿದು ದೂರ ನಿಂತ ಮೇಲೆಯೇ ರಿಮೋಟು ಒತ್ತಬೇಕೆಂದು ಮನೆಯಲ್ಲಿ ಕಾನೂನಾಗಿದೆ.

ಮನುಷ್ಯನಿಗೆ ಈ ಆಲಸ್ಯ ಹೊಸದಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿ 1941ರ ಮಾದರಿಯಲ್ಲೇ ಗುಂಡಿ ಒತ್ತಿ ಗಾಜು ಏರಿಸುವ ಸುಖ ಕೊಟ್ಟಿತ್ತು. ಇಲ್ಲಿ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಇದೆ. ಅವರಿಗೆ ಡಬ್ಬಿಯ ಗೊಡವೆ ಯಾಕೆ, ಕಣ್ಸನ್ನೆ ಸಾಕಿತ್ತು. ನಮ್ಮಂಥವರು ಅಂಬಾಸಿಡರಿನ ಹ್ಯಾಂಡಲ್ ತಿರುವಿ ತಿರುವಿ ರಟ್ಟೆ ಬೆಳೆಸಿಕೊಂಡವರು. ಟೋಲಿನಲ್ಲಿ ಫಾಸ್ಟ್ಯಾಗ್ ಬಂದ ಮೇಲಂತೂ ಗಾಜು ಇಳಿಸುವ ಸಂದರ್ಭಗಳೇ ಕಮ್ಮಿ. ದಾರಿ ಕೇಳಲು, ಪೊಲೀಸರಿಗೆ ಕಾಗದ ತೋರಿಸಲು, ಇರಾನಿ ಚಹಾ ಈಸಿಕೊಳ್ಳಲು, ಅಷ್ಟೆ.

ರಾಯಚೂರಿನಿಂದ ಬಂದ ನಮ್ಮ ಭಾವನವರು ಮಾತ್ರ ಗಾಜು ಪೂರಾ ಇಳಿಸಿ ಮೊಣಕೈ ಹೊರಗಿಟ್ಟೇ ಕೂಡುವವರು. ಏಸಿ ಗಾಳಿ ರೋಗಿಷ್ಟರಿಗೆ ಎಂಬುದು ಅವರ ಮತ. ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆವು. "ನೀವು ನಡೀರಿ, ಒಂದು ಫೋನ್ ಮುಗಿಸಿ ಬರ್ತೀನಿ" ಎಂದು ಅವರು ಕಾರಿನಲ್ಲೇ ಉಳಿದರು. ಇದು ತಿಳಿಯದ ನನ್ನ ಹೆಂಡತಿ ಗೇಟಿನಿಂದಲೇ ರಿಮೋಟು ಒತ್ತಿದಳು. ಮೊದಲು ಬಲಗಡೆಯ ಗಾಜು, ಆಮೇಲೆ ಹಿಂದಿನವು ಗುಂಯ್ ಎಂದು ಏರತೊಡಗಿದವು. ತಮ್ಮ ಸರದಿ ಬರುವಷ್ಟರಲ್ಲಿ ಭಾವ ಮೊಣಕೈ ಒಳಗೆಳೆದುಕೊಂಡಿದ್ದರು. "ಏ ತಮ್ಮಾ, ನಿನ್ನ ಗಾಡಿಗಿ ಏನರ ಹೊಕ್ಕದೇನು?" ಎಂದು ಸಭೆ ಮುಗಿಯುವ ತನಕ ಕೇಳಿದರು.

ತೊಡಕು ಕಂಡದ್ದು ಮುಂದಿನ ಮೇ ತಿಂಗಳಲ್ಲಿ. ಬಿಸಿಲಲ್ಲಿ ಕಾರು ನಿಲ್ಲಿಸುವಾಗ ಗಾಜನ್ನು ಒಂದಿಂಚು ಇಳಿಸಿಡುವುದು ಈ ಊರಿನ ಆಚಾರ. ಅದರಿಂದ ಒಳಗಿನ ಕಾವು ಹೆಚ್ಚೇನೂ ಇಳಿಯದೆಂದು ಅಳೆದು ನೋಡಿದವರು ಹೇಳುತ್ತಾರೆ, ಆದರೆ ಆಚಾರವೆಂದ ಮೇಲೆ ಅಳತೆ ಯಾರಿಗೆ ಬೇಕು? ಡಬ್ಬಿಗೆ ಒಂದಿಂಚಿನ ಲೆಕ್ಕವಿಲ್ಲ. ಲಾಕ್ ಆದರೆ ಪೂರಾ ಏರಿಸಿಯೇ ತೀರುತ್ತದೆ. ಕೀಲಿ ತಿರುವಿದರೂ ಅಷ್ಟೇ. ಏರುವಾಗ ಅನ್‌ಲಾಕ್ ಒತ್ತಿದರೆ ಗಾಜೇನೋ ನಿಲ್ಲುತ್ತದೆ, ಬಾಗಿಲು ಊರಿಗೆಲ್ಲ ತೆರೆದಿರುತ್ತದೆ.

ಭಾವನನ್ನೂ ಕರೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋದೆ. ಹುಡುಗ ಕೇಳಿಸಿಕೊಂಡು ಒಳಗಿಂದ ಡೋರ್ ವೈಸರ್ ತಂದ. ಕಿಟಕಿಯ ನೆತ್ತಿಗೆ ಅಂಟಿಸುವ ಕಪ್ಪು ಪ್ಲಾಸ್ಟಿಕ್ ಪಟ್ಟಿ. ಇದಿದ್ದರೆ ಸುರಿಯುವ ಮಳೆಯಲ್ಲೂ ಒಂದಿಂಚು ಗಾಜು ಇಳಿಸಿಡಬಹುದಂತೆ. ಹಾಗಾದರೆ ಡಬ್ಬಿ ಯಾಕೆ ಬೇಕಿತ್ತು ಎಂದೆ. "ವೋ ಬಾರಿಶ್ ಕೂ, ಯೇ ಗರ್ಮಿ ಕೂ" ಎಂದ. ಗರ್ಮಿಗೆ ಡಬ್ಬಿ ಬಿಡಬೇಕಲ್ಲಪ್ಪಾ ಎಂದರೆ, ಅದಕ್ಕೊಂದು ಸ್ವಿಚ್ಚು ಹಾಕಿ ಡಬ್ಬಿಯನ್ನು ಬಂದ್ ಮಾಡಿಕೊಡುತ್ತೇನೆ, ಬೇಕಾದಾಗ ನೀವೇ ನೆನಪಿಟ್ಟು ಚಾಲೂ ಮಾಡಿಕೊಳ್ಳಿ ಎಂದ. ನಾನು ಇನ್ನೂ ಈ ತರ್ಕವನ್ನು ಜೀರ್ಣಿಸಿಕೊಳ್ಳುತ್ತಿರುವಾಗಲೇ ಭಾವ ವೈಸರನ್ನು ಬಗ್ಗಿಸಿ ಗಟ್ಟಿ ಇದೆಯೇ ನೋಡಿ, "ಡಬ್ಬಿ ರೊಕ್ಕದಾಗ ಇದಕ್ಕೊಂದಿಷ್ಟು ಮುರ್ಕೋ ಅಂತ ಹೇಳು ಅವಗ" ಎಂದು ಚೌಕಾಸಿಗೆ ಕೂತುಬಿಟ್ಟಿದ್ದರು.