ಯೋಳಿ ಮೇಷ್ಟ್ರೇ

ನಮ್ಮ ಮನೆಯಲ್ಲಿ ಹೊತ್ತನ್ನು ಅಳೆಯುವುದಕ್ಕೆ ಈಚೆಗೆ ಹೊಸದೊಂದು ಮಾನ ಬಳಕೆಗೆ ಬಂದಿದೆ. ಅದರ ಹೆಸರು ವಡೆ. ಬ್ಯಾಂಕಿನ ಟೋಲ್ ಫ್ರೀ ನಂಬರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಜಗಲಿಯ ಮೇಲಿಟ್ಟು, ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂರುತ್ತೇನೆ. “ಎಷ್ಟೊತ್ತಾಯ್ತು?” ಎಂದು ನನ್ನವಳು ಒಳಗಿನಿಂದ ಕೇಳಿದರೆ “ಒಂದೂವರೆ ವಡೆ” ಅನ್ನುತ್ತೇನೆ. ಮೂರು ವಡೆ ದಾಟಿದರೆ ಅವಳೇ ಬಂದು ಫೋನು ಕಟ್ ಮಾಡುತ್ತಾಳೆ. ಬ್ಯಾಂಕಿನ ಮೇಲಿನ ಸಿಟ್ಟಿಗಲ್ಲ, ನನ್ನ ಕೊಲೆಸ್ಟರಾಲಿನ ಮೇಲಿನ ಕಾಳಜಿಗೆ.

ಮದ್ದೂರಿನಲ್ಲಿ ಮನೆ ಮಾಡಿಕೊಂಡವನಿಗೆ ಇದು ಸಹಜವಾಗಿ ಒದಗಿದ ಅಳತೆ. ವಡೆಗೂ ಕಾಯುವುದಕ್ಕೂ ಇಲ್ಲಿ ಹಳೆಯ ನಂಟು. 1917ರ ಸುಮಾರಿಗೆ ಇಲ್ಲಿನ ರೈಲ್ವೆ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು ಪಕೋಡಕ್ಕೆ ಅಣಿ ಮಾಡುತ್ತಿದ್ದಾಗ ರೈಲು ಬಂದುಬಿಟ್ಟಿತಂತೆ. ಪುರಸೊತ್ತಿಲ್ಲದೆ ಈರುಳ್ಳಿ, ಹಿಟ್ಟು ಎಲ್ಲವನ್ನೂ ಕಲಸಿ, ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಹುಟ್ಟಿದ್ದು ಮದ್ದೂರು ವಡೆ. ರೈಲು ಕಾಯಲಾರದು ಎಂಬ ಗಡಿಬಿಡಿಯಲ್ಲಿ ಹುಟ್ಟಿದ ತಿಂಡಿಯನ್ನು ನಾನು ಬ್ಯಾಂಕಿನವರು ಕಾಯಿಸುತ್ತಾರೆಂದು ಚೂರು ಚೂರೇ ಮುರಿದುಕೊಂಡು ತಿನ್ನುತ್ತಿದ್ದೇನೆ.

ತೊಂದರೆ ಇಷ್ಟೇ. ನಾನು ನಿವೃತ್ತ ಕನ್ನಡ ಮೇಷ್ಟ್ರು. ಪಿಂಚಣಿ ಬರುವ ಖಾತೆ ಮಂಡ್ಯದ ಒಂದು ಬ್ಯಾಂಕಿನಲ್ಲಿದೆ. ಯಾವ ಬ್ಯಾಂಕೆಂದು ಹೇಳುವುದಿಲ್ಲ. ನಾಳೆ ನವೆಂಬರಿನಲ್ಲಿ ನಾನು ಬದುಕಿದ್ದೇನೆಂದು ಬರೆಸಿಕೊಳ್ಳಲು ಅದೇ ಕೌಂಟರಿನ ಮುಂದೆ ನಿಲ್ಲಬೇಕು. ಎರಡು ವರ್ಷದ ಹಿಂದೆ ಮಗ ಒಂದು ಸ್ಮಾರ್ಟ್ ಫೋನು ತಂದುಕೊಟ್ಟ, ಅದರ ಜೊತೆಗೆ ಹೊಸ ನಂಬರು. ಹಳೆಯ ಗುಂಡಿ ಫೋನನ್ನು ಬೀರುವಿನಲ್ಲಿಟ್ಟೆ. ರೀಚಾರ್ಜ್ ಮಾಡಿಸಬೇಕೆಂಬುದು ಮರೆತೇ ಹೋಯಿತು. ಬಳಸದ ನಂಬರನ್ನು ಕಂಪನಿಯವರು ಮೊದಲು ನಿಲ್ಲಿಸುತ್ತಾರೆ, ಆಮೇಲೆ ಕನಿಷ್ಠ 90 ದಿನ ಸುಮ್ಮನೆ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ ಎಂಬ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ನಾವು ಬಿಟ್ಟ ಹೊಲಕ್ಕೆ ಇನ್ನೊಬ್ಬ ಗುತ್ತಿಗೆದಾರ ಬಂದ ಹಾಗೆ. ಆದರೆ ಬ್ಯಾಂಕಿನ ಕಡತದಲ್ಲಿ ಮಾತ್ರ ಆ ಹೊಲ ಇನ್ನೂ ನನ್ನ ಹೆಸರಿನಲ್ಲೇ ಇತ್ತು.

ನಂಬರು ಬದಲಿಸಿಕೊಡಿ ಎಂದು ಮಂಡ್ಯಕ್ಕೆ ಹೋಗಿ ಅರ್ಜಿ ಕೊಟ್ಟೆ. ತಿಂಗಳಾದರೂ ಒಂದು ಮೆಸೇಜೂ ಬರಲಿಲ್ಲ. ಏನಾಯಿತೆಂದು ಕೇಳಲು ಫೋನು ಮಾಡಿದೆ.

ಮೊದಲು ಭಾಷೆ ಆರಿಸಿಕೊಳ್ಳಬೇಕು. ಕನ್ನಡದ ಅಂಕಿ ಒತ್ತಿದೆ. ಬಂತು ಕನ್ನಡ. ಮೂವತ್ತಾರು ವರ್ಷ ವ್ಯಾಕರಣ ಪಾಠ ಮಾಡಿದವನ ಕಿವಿಗೆ ಬೀಳಬಾರದ ಕನ್ನಡ. “ದಯವಿಟ್ಟು ಸಾಲಿನಲ್ಲಿ ಇರಿ” ಅಂದಿತು ಯಂತ್ರ. ಮಂಡ್ಯ ಸೀಮೆಯಲ್ಲಿ ಸಾಲು ಅಂದರೆ ಕಬ್ಬಿನ ಗದ್ದೆಯ ಸಾಲು. ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ತನಕ ರೈತ ಅಲ್ಲಿ ನಿಂತಿರುತ್ತಾನೆ, ನಿಜ. ನಾನೂ ನಿಂತೆ. ಆಮೇಲೆ ವಾದ್ಯ ಸಂಗೀತ. ಆಮೇಲೆ “ನಿಮ್ಮ ಕರೆ ನಮಗೆ ಬಹಳ ಮುಖ್ಯ.” ಮುಖ್ಯವಾದ ನೆಂಟರನ್ನು ಬಾಗಿಲಲ್ಲೇ ಇಪ್ಪತ್ತು ನಿಮಿಷ ನಿಲ್ಲಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಬೀಗರ ಮನೆಯಲ್ಲಿ ಹಾಗೆ ಮಾಡಿದರೆ ಮದುವೆಯೇ ಮುರಿದು ಬೀಳುತ್ತದೆ.

ಎರಡು ವಡೆಯ ಹೊತ್ತಿಗೆ ಒಬ್ಬ ಹುಡುಗ ಬಂದ. ಅವನಿಗೆ ನನ್ನ ಪೂರ್ತಿ ಹೆಸರು ಬೇಕು, ಸರ್‌ನೇಮ್ ಸಮೇತ. ನನ್ನ ಹೆಸರಿಗೆ ಮುಂದೆ ಎರಡು ಇನಿಷಿಯಲ್ ಇವೆಯೇ ಹೊರತು ಹಿಂದೆ ಬಾಲವಿಲ್ಲ. ಮೊದಲನೆಯದು ಊರು, ಎರಡನೆಯದು ಅಪ್ಪ. ಊರನ್ನೇ ಸರ್‌ನೇಮ್ ಅಂದುಕೊಂಡ ಅವನು ಉಳಿದ ಮಾತುಕತೆಯುದ್ದಕ್ಕೂ ನನ್ನನ್ನು ನಮ್ಮ ಹಳ್ಳಿಯ ಹೆಸರಿನಿಂದಲೇ ಕರೆದ. ಐನೂರು ಮನೆಗಳ ಪರವಾಗಿ ನಾನೊಬ್ಬನೇ ಉತ್ತರ ಕೊಡುತ್ತಿರುವಂತೆ ಅನ್ನಿಸಿತು. ಹುಟ್ಟಿದ ತಾರೀಕು ಕೇಳಿದ. ಜೂನ್ ಒಂದು ಅಂದೆ. ನಮ್ಮ ಕಾಲದಲ್ಲಿ ಅರ್ಧ ಹಳ್ಳಿ ಜೂನ್ ಒಂದರಂದೇ ಹುಟ್ಟಿದೆ. ಸ್ಕೂಲಿಗೆ ಸೇರಿಸಲು ಅಪ್ಪಂದಿರು ಎತ್ತಿಕೊಂಡು ಹೋದಾಗ ಹೆಡ್‌ಮೇಷ್ಟ್ರು ದಯಪಾಲಿಸಿದ ಜನ್ಮ ಅದು. (ನಾನೂ ಮೇಷ್ಟ್ರಾದ ಮೇಲೆ ಕೆಲವರಿಗೆ ದಯಪಾಲಿಸಿದ್ದೇನೆ.) ಇಷ್ಟೆಲ್ಲ ಆದ ಮೇಲೆ ಅವನು, “ಸರ್, ನಿಮ್ಮ ನೋಂದಾಯಿತ ಮೊಬೈಲಿಗೆ ಒಟಿಪಿ ಬಂದಿದೆ, ಹೇಳಿ” ಅಂದ.

“ಆ ಮೊಬೈಲು ನನ್ನ ಹತ್ತಿರ ಇಲ್ಲ ಅಂತಲೇ ಅಲ್ಲವೇನಪ್ಪ ನಾನು ಫೋನು ಮಾಡಿರುವುದು?”

“ಅರ್ಥವಾಯಿತು ಸರ್. ಒಟಿಪಿ ಹೇಳಿದರೆ ಮಾತ್ರ ನಿಮ್ಮ ಅರ್ಜಿಯ ಸ್ಥಿತಿ ತಿಳಿಸಬಹುದು.”

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ನಾನು ಅದೆಷ್ಟೋ ವರ್ಷ ಮಕ್ಕಳಿಗೆ ಬಿಡಿಸಿ ಹೇಳಿದ್ದೆ. ಅದು ನನಗೇ ಅರ್ಥವಾದದ್ದು ಅವತ್ತು.

ಸರಿ, ಮಂಡ್ಯಕ್ಕೇ ಹೋಗೋಣವೆಂದು ಬಸ್ಸು ಹತ್ತಿದೆ. ಹೊಸ ಹೆದ್ದಾರಿ ಬಂದ ಮೇಲೆ ದೊಡ್ಡ ಕಾರುಗಳೆಲ್ಲ ನಮ್ಮನ್ನು ಕಣ್ಣೆತ್ತಿಯೂ ನೋಡದೆ ಊರಾಚೆಯಿಂದಲೇ ಹೋಗುತ್ತವೆ. ಬಸ್ಸು ಮಾತ್ರ ಇನ್ನೂ ಮರ್ಯಾದೆ ಉಳಿಸಿಕೊಂಡಿದೆ. ಬ್ಯಾಂಕಿನಲ್ಲಿ ಜನವೋ ಜನ. ಗೃಹಲಕ್ಷ್ಮಿಯ ಎರಡು ಸಾವಿರ ಬಂದಿದೆಯೇ ಇಲ್ಲವೇ ಎಂದು ಕೇಳಲು ಹೆಂಗಸರು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಿಂತಿದ್ದರು. ಪಾಸ್‌ಬುಕ್ ಎಂಟ್ರಿ ಮಾಡುವ ಯಂತ್ರದ ಮೇಲೆ ಒಂದು ಚೀಟಿ, ‘ಕೆಟ್ಟಿದೆ’. ಆ ಒಂದು ಕನ್ನಡ ಪದದಲ್ಲಿ ತಪ್ಪಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದವನಿಗೆ ಏನು ತೋಚಿತೋ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದ್ದ ಶಾಖೆಯ ನಂಬರಿಗೆ ಅಲ್ಲಿಂದಲೇ ಫೋನು ಮಾಡಿದೆ. ಎದುರಿಗಿದ್ದ ಮೇಜಿನ ಮೇಲೆ ಲ್ಯಾಂಡ್‌ಲೈನು ಗಂಟಲು ಹರಿದುಕೊಂಡು ಬಡಿದುಕೊಳ್ಳತೊಡಗಿತು. ಅದರಿಂದ ಒಂದು ಮೊಳ ದೂರದಲ್ಲಿ ಕೂತಿದ್ದ ಹುಡುಗಿ ತಲೆ ಎತ್ತಲಿಲ್ಲ. ಅವಳ ಮುಂದೆ ಮುದುಕಿಯೊಬ್ಬಳು, “ಬಂದದಾ ನೋಡವ್ವ, ಇನ್ನೊಂದ್ಸಲಿ ನೋಡವ್ವ” ಅನ್ನುತ್ತಿದ್ದಳು. ಆ ಹುಡುಗಿ ಯಾವುದೋ ದೂರದ ರಾಜ್ಯದವಳು, “ಬಂದಿಲ್ಲ ಅಮ್ಮ, ಆಧಾರ್ ಲಿಂಕ್ ಇಲ್ಲ ಅಮ್ಮ” ಎಂದು ಕಲಿತ ಹತ್ತಿಪ್ಪತ್ತು ಕನ್ನಡ ಪದಗಳನ್ನೇ ತಿರುಗಿಸಿ ತಿರುಗಿಸಿ ಜೋಡಿಸುತ್ತಿದ್ದಳು. ಅವಳ ಜಾಗದಲ್ಲಿದ್ದರೆ ನಾನೂ ಫೋನು ಎತ್ತುತ್ತಿರಲಿಲ್ಲ. ಕಟ್ ಮಾಡಿದೆ. ನನ್ನ ಸರದಿ ಬಂದಾಗ ಅವಳು ಹೇಳಿದ್ದು ಇಷ್ಟು: ಅರ್ಜಿ ಮೇಲಕ್ಕೆ ಹೋಗಿದೆ, ಮೇಲಿನವರು ಮಾಡಬೇಕು.

ಈ ಮೇಲಿನವರು ಎಲ್ಲಿದ್ದಾರೆ ಎಂಬುದೇ ಈಗಿನ ಒಗಟು. ಮುಂಚೆ ಮೇಲೆ ಅಂದರೆ ಮೆಟ್ಟಿಲು ಹತ್ತಿ ನೋಡಬಹುದಾಗಿತ್ತು. ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕಿಗೆ ಮಂಡ್ಯದಲ್ಲೇ ಕೇಂದ್ರ ಕಚೇರಿ ಇತ್ತು. ಅದು 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನ ಮನೆ ಸೇರಿ ಮೈಸೂರಿನ ಕಡೆ ಮುಖ ಮಾಡಿತು. 2019ರಲ್ಲಿ ಕಾವೇರಿಯೂ ಇನ್ನೊಂದು ಮನೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ ಬಳ್ಳಾರಿಯ ಪಾಲಾಯಿತು. ದೊಡ್ಡವರ ಕಥೆಯೂ ಅದೇ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ ಒಂದಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. 2019ರ ಏಪ್ರಿಲ್ ಒಂದಕ್ಕೆ ವಿಜಯಾ ಬ್ಯಾಂಕು ಬರೋಡಾದ ಸೊಸೆಯಾಯಿತು. 2020ರ ಏಪ್ರಿಲ್ ಒಂದಕ್ಕೆ ಉಡುಪಿಯ ಎರಡು ಕೂಸುಗಳು, ಕಾರ್ಪೊರೇಷನ್ ಮತ್ತು ಸಿಂಡಿಕೇಟ್, ಬೇರೆ ಬೇರೆ ಮನೆ ಸೇರಿದವು. ಲೆಕ್ಕದ ವರ್ಷ ಶುರುವಾಗುವ ದಿನ ಅದು ಎಂದು ಗೊತ್ತಿದೆ. ಆದರೂ ಪ್ರತಿಸಲವೂ ಏಪ್ರಿಲ್ ಒಂದೇ ಆಗಬೇಕಿತ್ತೇ ಅನ್ನಿಸುತ್ತದೆ. ಪಾಸ್‌ಬುಕ್ಕಿನ ಬಣ್ಣ, ಐಎಫ್‌ಎಸ್‌ಸಿ ಕೋಡು, ಬೋರ್ಡಿನ ಅಕ್ಷರ ಎಲ್ಲ ಬದಲಾದವು. ನನ್ನ ಹಳೆಯ ಮೊಬೈಲ್ ನಂಬರೊಂದು ಮಾತ್ರ ಯಾವ ವಿಲೀನಕ್ಕೂ ಜಗ್ಗದೆ ಕೂತಿತ್ತು.

ಹಾಗೆಂದು ಹಳೆಯ ಕಾಲವನ್ನು ಹೊಗಳುವ ಉಮೇದು ನನಗಿಲ್ಲ. ಹಿತ್ತಾಳೆಯ ಟೋಕನ್ ಹಿಡಿದು ಅರ್ಧ ದಿನ ಕೂತವನು ನಾನು. ಕ್ಯಾಷಿಯರ್ ಊಟಕ್ಕೆ ಎದ್ದರೆ ಅನ್ನ, ಸಾರು, ಮಜ್ಜಿಗೆ ಮುಗಿಸಿ ಎಲೆಯಡಿಕೆ ಹಾಕಿಕೊಂಡೇ ಬರುತ್ತಿದ್ದದ್ದು. ಒಂದೇ ವ್ಯತ್ಯಾಸ, ಅವನು ಎಲ್ಲಿಗೆ ಹೋಗಿದ್ದಾನೆಂದು ನಮಗೆ ಗೊತ್ತಿರುತ್ತಿತ್ತು.

ಗೆಳೆಯರೊಬ್ಬರು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಿ ಅಂದರು. 14448ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರಂತೆ. ಮೊದಲು ಬ್ಯಾಂಕಿಗೇ ದೂರು ಬರೆದು ಮೂವತ್ತು ದಿನ ಕಾಯಬೇಕು. ಮತ್ತೆ ಫೋನು, ಮತ್ತೆ ಕಾಯುವುದು. ಇಷ್ಟರ ನಡುವೆ ನನಗೆ ತಾನಾಗಿಯೇ ಫೋನು ಮಾಡಿ, “ನಮಸ್ಕಾರ ಸರ್, ನಿಮ್ಮ ಎಟಿಎಂ ಕಾರ್ಡ್ ಬ್ಲಾಕ್ ಆಗಿದೆ” ಎಂದು ವಿನಯದಿಂದ ಮಾತಾಡಿಸಿದವನು ಒಬ್ಬನೇ, ಕಳ್ಳ. ಒಂದು ಕ್ಷಣವೂ ಸಾಲಿನಲ್ಲಿ ನಿಲ್ಲಿಸಲಿಲ್ಲ. ಅಂಥವರ ಮೇಲೆ ದೂರು ಕೊಡುವ ನಂಬರು 1930. ಉಪ್ಪಿನ ಸತ್ಯಾಗ್ರಹದ ಇಸವಿ ಎಂದು ನೆನಪಿಟ್ಟುಕೊಂಡಿದ್ದೇನೆ. 1938 ಮಾಡಿದ್ದರೆ ನಮಗೆ ಇನ್ನೂ ಸಲೀಸಾಗುತ್ತಿತ್ತು. ಶಿವಪುರದ ಧ್ವಜ ಸತ್ಯಾಗ್ರಹ ನಡೆದದ್ದು ನಮ್ಮ ಮದ್ದೂರಿನಲ್ಲೇ ಅಲ್ಲವೇ.

ಕೊನೆಗೆ ಒಂದು ಸಂಜೆ, ಮೊದಲೇ ಹೊಳೆಯಬೇಕಿದ್ದದ್ದು ಹೊಳೆಯಿತು. ನನ್ನ ಹಳೆಯ ನಂಬರಿಗೆ ನಾನೇ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

“ಯೋಳಿ.”

ಯಾವ ಅಂಕಿಯನ್ನೂ ಒತ್ತದೆ ಬಂದ ಕನ್ನಡ! ನಾನು ಇಂಥವನು, ಈ ನಂಬರು ಹಿಂದೆ ನನ್ನದಾಗಿತ್ತು ಎಂದು ಶುರು ಮಾಡುವಷ್ಟರಲ್ಲೇ, “ಓ, ಪಿಂಚಣಿ ಮೇಷ್ಟ್ರಾ? ಎಲ್ಲೋಗ್ಬುಟ್ಟಿದ್ರಿ? ನಿಮ್ಗೇ ಕಾಯ್ತಾ ಇವ್ನಿ” ಅಂದ. ಮಳವಳ್ಳಿಯಲ್ಲಿ ಪಂಚರ್ ಅಂಗಡಿಯಂತೆ. ನನಗೆ ಬರಬೇಕಾದ ಮೆಸೇಜುಗಳೆಲ್ಲ ಒಂದೂವರೆ ವರ್ಷದಿಂದ ಅವನಿಗೆ ಬರುತ್ತಿವೆ. “ಈ ತಿಂಗ್ಳುದ್ದು ಮೊನ್ನೆನೇ ಬಂದದೆ. ಡಿಎ ಏರ್ಸವ್ರೆ ಅಲ್ವ್ರಾ? ಮೆಸೇಜ್ ಚಾರ್ಜು ಅಂತ ವಸಿ ಹಿಡ್ಕಂಡವ್ರೆ ನೋಡಿ.” ಅಂದರೆ ಮೆಸೇಜು ಅವನಿಗೆ, ಚಾರ್ಜು ನನಗೆ. ನನ್ನ ಹಳೆಯ ಶಿಷ್ಯರು ಫೋನು ಮಾಡಿದಾಗ ಅವರಿಗೂ ಅವನೇ ಸಮಾಧಾನ ಹೇಳಿದ್ದನಂತೆ, “ಮೇಷ್ಟ್ರು ಚೆನ್ನಾಗವ್ರೆ, ಪಿಂಚಣಿ ಬತ್ತಾ ಅದೆ” ಎಂದು.

ಧೈರ್ಯ ಬಂತು. “ನಾನೀಗ ಬ್ಯಾಂಕಿಗೆ ಫೋನು ಮಾಡ್ತೀನಿ, ನಿನಗೊಂದು ಒಟಿಪಿ ಬರುತ್ತೆ, ಅದನ್ನ ಹೇಳಿಬಿಡಪ್ಪ” ಅಂದೆ.

“ಅದೊಂದ್ ಮಾತ್ರ ಆಗಾಕಿಲ್ಲ ಮೇಷ್ಟ್ರೇ. ಯಾರ್ಗೂ ಯೋಳ್ಬ್ಯಾಡಿ ಅಂತ ಬ್ಯಾಂಕ್‌ನವ್ರೇ ಬರ್ದವ್ರೆ. ನೀವೇ ಮೇಷ್ಟ್ರು ಅಂತ ನಂಗೆ ಎಂಗ್ ಗೊತ್ತಾಗಬೇಕು?”

ನನ್ನ ದುಡ್ಡನ್ನು ನನ್ನಿಂದಲೇ ಕಾಪಾಡುತ್ತಿದ್ದ ಆ ಪುಣ್ಯಾತ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಪಾಸ್‌ಬುಕ್ ಹಿಡಿದು ಬನ್ನಿ, ಮುಖ ನೋಡಿ ಹೇಳುತ್ತೇನೆ ಅಂದ. ಹೋದೆ. ಕೆ.ಎಂ.ದೊಡ್ಡಿಯ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಸಾಲು ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ. ಮಳವಳ್ಳಿಯಲ್ಲಿ ಇಳಿದು ಕೇಳಿಕೊಂಡು ಹೋದರೆ, ಮಗನ ವಯಸ್ಸಿನ ಹುಡುಗ, ಮೊಣಕೈವರೆಗೂ ಗ್ರೀಸು. ಕೈ ಒರೆಸಿಕೊಂಡು ಪಾಸ್‌ಬುಕ್ಕಿನ ಫೋಟೊವನ್ನೂ ನನ್ನನ್ನೂ ಮೂರು ಸಲ ನೋಡಿದ. “ಇದ್ರಲ್ಲಿ ಕೂದ್ಲು ಅವಲ್ಲ?” ಅಂದ. ಇದ್ದವು ಕಣಪ್ಪ ಅಂದೆ. “ಹೋದ್ ಯುಗಾದಿ ತಿಂಗ್ಳು ಎಷ್ಟು ಬಂದಿತ್ತು ಯೋಳಿ.” ಹೇಳಿದೆ. ಟೈರುಗಳ ಸಂದಿಯಿಂದ ಒಂದು ನೋಟ್‌ಬುಕ್ ತೆಗೆದು ತಾಳೆ ನೋಡಿದ. ತಿಂಗಳು ತಿಂಗಳಿಗೂ ತಾರೀಕು, ಮೊತ್ತ, ಎಲ್ಲ ನೀಟಾಗಿ ಬರೆದಿಟ್ಟಿದ್ದ. ಬ್ಯಾಂಕಿನ ಎಂಟ್ರಿ ಯಂತ್ರ ಕೆಟ್ಟರೂ ನನ್ನ ಪಾಸ್‌ಬುಕ್ಕು ಮಳವಳ್ಳಿಯಲ್ಲಿ ಸುಸ್ಥಿತಿಯಲ್ಲಿತ್ತು.

ಟೀ ತರಿಸಿದ. ಟೋಲ್ ಫ್ರೀಗೆ ಫೋನು ಮಾಡಿ, ಇಬ್ಬರೂ ಸ್ಟೂಲಿನ ಮೇಲೆ ಕೂತು ವಾದ್ಯ ಸಂಗೀತ ಕೇಳಿದೆವು. ಈ ನಡುವೆ ಎರಡು ಪಂಚರ್ ಹಾಕಿದ. ಮೊದಲ ಒಟಿಪಿ ಬಂದಾಗ ಅವನ ಕೈ ನೀರಿನ ತೊಟ್ಟಿಯಲ್ಲಿತ್ತು, ಅವಧಿ ಮುಗಿಯಿತು. ಎರಡನೆಯದನ್ನು ಓದಿ ಹೇಳಿದ. ಬ್ಯಾಂಕಿನ ಹುಡುಗಿ ಧನ್ಯವಾದ ಹೇಳಿ, ಪರಿಶೀಲಿಸಿ, ಅರ್ಜಿಯ ಸ್ಥಿತಿಯನ್ನು ತಿಳಿಸಿದಳು:

“ಸರ್, ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.”

ಹುಡುಗ ನನ್ನ ಮುಖ ನೋಡಿದ. ಇನ್ನೊಂದು ಟೀ ಹೇಳಿದ.

ಅದಾದ ಆರು ವಾರಕ್ಕೆ, ಯಾವ ಮೇಲಿನವರ ಕೃಪೆಯೋ, ನಂಬರು ಬದಲಾಯಿತು. ಮುಂದಿನ ಪಿಂಚಣಿಯ ಮೆಸೇಜು ನನ್ನ ಸ್ಮಾರ್ಟ್ ಫೋನಿಗೇ ಬಂತು. ಅದರ ಬೆನ್ನಿಗೇ ನಮ್ಮ ಸೇವೆಗೆ ಒಂದರಿಂದ ಐದರವರೆಗೆ ಅಂಕ ಕೊಡಿ ಎಂಬ ಇನ್ನೊಂದು ಮೆಸೇಜು. ಮೇಷ್ಟ್ರಿಗೆ ಅಂಕ ಕೊಡುವ ಚಪಲ ಎಷ್ಟಿದ್ದರೂ ಸುಮ್ಮನಿದ್ದೆ.

ಮೂರನೆಯ ದಿನ ಫೋನು ಬಡಿಯಿತು. ನನ್ನದೇ ಹಳೆಯ ನಂಬರು.

“ಯಾಕ್ ಮೇಷ್ಟ್ರೇ, ಈ ತಿಂಗ್ಳು ಪಿಂಚಣಿ ಬರ್ಲಿಲ್ವಾ? ನಾನೂ ಮೂರ್ ದಿನದಿಂದ ನೋಡ್ತಾನೇ ಇವ್ನಿ. ಉಸಾರಾಗಿದ್ದೀರಿ ತಾನೆ?”

ಬಂತು ಕಣಪ್ಪ, ಈ ಸಲ ಮೆಸೇಜು ನನಗೇ ಬಂತು ಅಂದೆ.

“ಹಂಗಾರೆ ಸರಿ ಬುಡಿ. ಎಷ್ಟು ಯೋಳಿ, ಬುಕ್ಕಲ್ಲಿ ಬರ್ಕಳ್ತೀನಿ.”

ಪಿಂಚಣಿ ಎಷ್ಟು ಬರುತ್ತದೆಂದು ಬಾವಮೈದುನರಿಗೆ ಇವತ್ತಿನವರೆಗೂ ಹೇಳದವನು ನಾನು. ನನ್ನವಳಿಗೂ ಸುತ್ತಿ ಬಳಸಿ ಒಂದು ಅಂದಾಜು ಹೇಳಿದ್ದೇನಷ್ಟೆ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಜಗಲಿಯಿಂದ ಅಂಗಳಕ್ಕೆ ಇಳಿದು, ದನಿ ತಗ್ಗಿಸಿ ಹೇಳಿದೆ. ಪೈಸೆ ಸಮೇತ.