ಕಾಯ್ದೆ ಅಂದ್ರ ಕಾಯ್ದೆ

(ಬೆಂಗಳೂರು–ಬೆಳಗಾವಿ ರಾತ್ರಿ ರೈಲು, ಸ್ಲೀಪರ್ ಬೋಗಿ. ಕೆಳಗಿನ ಬರ್ತಿನಲ್ಲಿ ಕಾಕಾ. ಅದರ ಮೇಲಿನ ಮಿಡಲ್ ಬರ್ತು ಹುಡುಗನದು.)

ಹುಡುಗ: ಅಂಕಲ್, ಒಂಬತ್ತೂವರೆ ಆಯ್ತು. ಬರ್ತ್ ಎತ್ತಿ ಕಟ್ಟಲಾ?

ಕಾಕಾ: ತಡಿಯೋ ತಮ್ಮಾ. ರಾತ್ರಿ 10ರಿಂದ ಮುಂಜಾನೆ 6ರ ತನಕ ಅಷ್ಟ ಮಲಗೂದು ಅಂತ ರೇಲ್ವೆ ನಿಯಮ ಐತಿ. ಕಾಯ್ದೆ ಅಂದ್ರ ಕಾಯ್ದೆ.

(ಹತ್ತು ಗಂಟೆ.)

ಹುಡುಗ: ಅಂಕಲ್, ಹತ್ತಾಯ್ತು.

ಕಾಕಾ: ಈಗರೆ ಬುತ್ತಿ ಬಿಚ್ಚೇನಿ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಉಣ್ಣೂ ಮನಶ್ಯಾನ್ನ ಎಬ್ಬಿಸಬಾರದು. ತಗೋ, ಒಂದ್ ರೊಟ್ಟಿ ತಿನ್ನು.

ಹುಡುಗ: (ತಿನ್ನುತ್ತ) ಮತ್ತೆ ಕಾಯ್ದೆ?

ಕಾಕಾ: ಅದು ಒಂಬತ್ತೂವರೀಗಿತ್ತು.

ಆರ್‌ಎಸಿ ಯಜಮಾನರು: (ಸೈಡ್ ಲೋಯರಿನಿಂದ) ನಿಮ್ಮದೇ ಪುಣ್ಯ! ಇಲ್ಲಿ ಒಂದೇ ಬರ್ತಿಗೆ ಇಬ್ಬರು. ಇವರ ಹೆಸರು ಗೊತ್ತಿಲ್ಲ, ಕಾಲಿನ ಪರಿಚಯ ಮಾತ್ರ ಪೂರ್ತಿ ಆಯ್ತು.

ಹುಡುಗ: ಖಾಲಿ ಬರ್ತ್ ಇದೆಯಾ ಅಂತ ಟಿಟಿಇನ ಕೇಳಿ.

ಯಜಮಾನರು: ಕೇಳಿದೆ. ‘ಅರಸೀಕೆರೆ ಬರ್ಲಿ’ ಅಂದ್ರು.

(ಅರಸೀಕೆರೆ ಬಂತು. ಟಿಟಿಇ ‘ದಾವಣಗೆರೆ ಬರ್ಲಿ’ ಅಂದರು. ದಾವಣಗೆರೆ ಬಂತು, ಟಿಟಿಇ ಬರಲಿಲ್ಲ. ಹುಬ್ಬಳ್ಳಿ ಬಿಟ್ಟ ಮೇಲೆ ಬಂದರು.)

ಟಿಟಿಇ: ಸರ್, ಶುಭ ಸುದ್ದಿ! ಲೋಯರ್ ಬರ್ತ್ ಖಾಲಿ ಆಗಿದೆ.

ಯಜಮಾನರು: ಸ್ವಾಮಿ, ನಾನು ಧಾರವಾಡದಲ್ಲಿ ಇಳೀಬೇಕು!

ಟಿಟಿಇ: ಇನ್ನೂ ಅರ್ಧ ಗಂಟೆ ಇದೆಯಲ್ಲ. ಆರಾಮಾಗಿ ನಿದ್ದೆ ಮಾಡಿ.