ನೀಲಿ ನೈಲ್ ಕಂಡವರಿಗೆ ವೇದಾವತಿ ತೋರಿಸುವುದು

ನಮ್ಮ ಭಾವ ಇಥಿಯೋಪಿಯಾದ ಬಹಿರ್ ದಾರ್ ಎಂಬ ಊರಿನಲ್ಲಿ ಕಾಲೇಜು ಹುಡುಗರಿಗೆ ಗಣಿತ ಹೇಳಿಕೊಡುತ್ತಾರೆ. ಅಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆ ಊರು ತಾನಾ ಸರೋವರದ ದಡದಲ್ಲಿದೆ, ಸಮುದ್ರಮಟ್ಟದಿಂದ 1,800 ಮೀಟರ್ ಎತ್ತರದಲ್ಲಿದೆ, ಮತ್ತು ನೀಲಿ ನೈಲ್ ನದಿ ಆ ಸರೋವರದಿಂದಲೇ ಹೊರಡುತ್ತದೆ. ಹೀಗಾಗಿ ಭಾವ ರಜೆಗೆ ಕಡೂರಿಗೆ ಬಂದಾಗ ಅವರ ಮಾತಿನಲ್ಲಿ ಗಣಿತ ಹನಿಯಷ್ಟು, ನೈಲ್ ನದಿ ಹೊಳೆಯಷ್ಟು.

ಅವರಿಗೆ ರಜೆ ಸಿಗುವುದು ಜುಲೈನಲ್ಲಿ. ಕಡೂರಿನ ಆಷಾಢ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಪಡುವಲ ಬೆಟ್ಟದ ನೆತ್ತಿಯ ಮೇಲೆ ಕಪ್ಪು ಮೋಡ ಗುಡ್ಡೆ ಬಿದ್ದಿರುತ್ತದೆ. ಅಲ್ಲಿ ಜಡಿಮಳೆ. ನಮ್ಮಲ್ಲಿ ಬರುವುದು ಗಾಳಿ ಮಾತ್ರ. ತೆಂಗಿನ ಗರಿ ಬೀಳುತ್ತದೆ, ಒಣಗಲು ಹಾಕಿದ ಪಂಚೆ ಎದುರುಮನೆಗೆ ಹೋಗುತ್ತದೆ, ಮಳೆ ಮಾತ್ರ ಬೆಟ್ಟ ಇಳಿಯುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನಲ್ಲಿ ಕಾಲ ಹಾಕುವ ಜನ ನಾವು. ಇಂಥ ಊರಿನ ಜಗಲಿಯಲ್ಲಿ ಕೂತು ಭಾವ, "ಅಲ್ಲಿ ಈಗ ನದಿ ಏನು ಹರೀತಿರುತ್ತೆ ಅಂತೀಯ!" ಎಂದು ನಿಟ್ಟುಸಿರು ಬಿಟ್ಟರೆ ಮೈ ಉರಿಯುವುದಿಲ್ಲವೇ?

"ನಮಗೂ ನದಿ ಇದೆ, ನಡೀರಿ ಭಾವ" ಎಂದೆ.

ಕಡೂರಿನ ವೇದಾವತಿ ಹುಟ್ಟಿನಲ್ಲಿ ನೈಲ್‌ಗೇನೂ ಕಡಿಮೆಯಿಲ್ಲ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಒಂದು ಕಡೆಯಿಂದ ಸಖರಾಯಪಟ್ಟಣದ ಅಯ್ಯನಕೆರೆ ತುಂಬಿಸಿಕೊಂಡು ಬರುತ್ತಾಳೆ. ಅವತಿ ಇನ್ನೊಂದು ಕಡೆಯಿಂದ ಮದಗದಕೆರೆ ಹಾದು ಬರುತ್ತಾಳೆ. ಪುರದ ಹತ್ತಿರ ಇಬ್ಬರೂ ಕೂಡಿ ವೇದಾವತಿ. ಇವರಿಬ್ಬರೂ ಹುಟ್ಟುವ ಆ ಬೆಟ್ಟದಲ್ಲಿ ಬೆಳೆಯುವ ಕಾಫಿಯ ಬೀಜವನ್ನು ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮೆನ್‌ನಿಂದ ತಂದರೆಂದು ಹೇಳುತ್ತಾರೆ. ಯೆಮೆನ್‌ಗೆ ಅದು ಬಂದದ್ದು ಭಾವನವರ ಇಥಿಯೋಪಿಯಾದಿಂದಲೇ. "ಬೀಜ ನಮ್ದು" ಎಂದು ಭಾವ ಕಾರಿನಲ್ಲಿ ಕೂತು ಹಕ್ಕು ಚಲಾಯಿಸಿದರು. ಒಂದು ದೇಶದಲ್ಲಿ ಸಂಬಳ ತೆಗೆದುಕೊಂಡರೆ ಆ ದೇಶದ ಕಾಡುಗಿಡವೂ ಸ್ವಂತದ್ದಾಗಿಬಿಡುತ್ತದೆ ನೋಡಿ.

ಸೇತುವೆಯ ಪಕ್ಕ ಕಾರು ನಿಲ್ಲಿಸಿ ಕೆಳಗಿಳಿದೆವು. ಬಳ್ಳಾರಿ ಜಾಲಿಯ ಪೊದೆ, ಮರಳು ತೆಗೆದ ಗುಂಡಿ, ಗುಂಡಿಯ ತಳದಲ್ಲಿ ಹಸಿರುಗಟ್ಟಿದ ಒಂದು ಬೊಗಸೆ ನೀರು. ಒಂದು ಎಮ್ಮೆ ಅದರಲ್ಲಿ ಮುಳುಗಲು ಹೋಗಿ, ಸಾಧ್ಯವಾಗದೆ, ಮೊಣಕಾಲಿನವರೆಗೆ ಇಳಿದು ಯೋಚಿಸುತ್ತ ನಿಂತಿತ್ತು. ಆಚೆ ಹುಡುಗರು ಮೂರು ಜಾಲಿಕೋಲು ನೆಟ್ಟು ಕ್ರಿಕೆಟ್ ಆಡುತ್ತಿದ್ದರು.

ಭಾವ ಕೈಯಿಂದ ಬಿಸಿಲು ಮರೆಮಾಡಿಕೊಂಡು ಅತ್ತಿತ್ತ ನೋಡಿದರು. "ನದಿ ಎಲ್ಲಯ್ಯಾ?"

"ನೀವು ನಿಂತಿದೀರಲ್ಲ, ಅದೇ."

ಭಾವ ಏನೂ ಅನ್ನಲಿಲ್ಲ. ಗಣಿತದ ಮೇಷ್ಟ್ರಿಗೆ ಸೊನ್ನೆಯ ಬಗ್ಗೆ ಗೌರವ ಇರುತ್ತದೆ. ಆದರೆ ಬಾಯಿ ಮುಚ್ಚಿಕೊಂಡು ಮೊಬೈಲ್ ತೆಗೆದರು. ಅದು ಬೈಗುಳಕ್ಕಿಂತ ಹೆಚ್ಚು. ನೀಲಿ ನೈಲ್‌ನ ತಿಸ್ ಅಬಾಯ್ ಜಲಪಾತದ ಚಿತ್ರ. ಕರಿಬಂಡೆಯ ಅಂಚಿನುದ್ದಕ್ಕೂ ಕೆಂಪು ನೀರು, ಮೇಲೆ ಹೊಗೆಯಂತೆ ತುಂತುರು. "ತುಂಬಿದಾಗ ನಾನೂರು ಮೀಟರ್ ಅಗಲ" ಎಂದರು. ಅಷ್ಟು ಹೊತ್ತೂ ಸುಮ್ಮನಿದ್ದ ಅಕ್ಕ ಕಾರಿನ ಕಿಟಕಿ ಇಳಿಸಿ, "ಅದು ಯಾರೋ ತೆಗೆದ ಫೋಟೋ ಕಣೋ. ನಾವು ಹೋದಾಗ ಒಂದು ಮೂಲೇಲಿ ಸೋರ್ತಾ ಇತ್ತು. ನೀರೆಲ್ಲ ಕರೆಂಟಿಗೆ ತಿರುಗಿಸಿದಾರೆ" ಎಂದಳು.

ಇದು ಸತ್ಯ. ಜಲಪಾತದ ಮೇಲಿನಿಂದ ವಿದ್ಯುತ್ ಕೇಂದ್ರಗಳಿಗೆ ನೀರು ಎಳೆದುಕೊಳ್ಳುವುದರಿಂದ ಮಳೆಗಾಲ ಬಿಟ್ಟರೆ ಅಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ. ಆ ಮಳೆಗಾಲವೋ ಜೂನ್‌ನಿಂದ ಸೆಪ್ಟೆಂಬರ್. ಭಾವನವರಿಗೆ ರಜೆ ಸಿಕ್ಕಿ ಅವರು ಕಡೂರಿನ ಜಗಲಿಯಲ್ಲಿ ಕೂತಿರುವ ಕಾಲ. ಅಂದರೆ ಇಷ್ಟು ವರ್ಷ ಇವರು ವರ್ಣಿಸುತ್ತ ಬಂದ ನದಿಯನ್ನು ಇವರೇ ತುಂಬಿ ಹರಿಯುವಾಗ ಕಂಡಿರಲಿಲ್ಲ! ನನಗೆ ಅಕ್ಕನ ಮೇಲೆ ಚಿಕ್ಕಂದಿನಿಂದಲೂ ಪ್ರೀತಿ. ಅಂದು ಭಕ್ತಿ ಬಂತು.

ಧೈರ್ಯ ಬಂದು ಕಾರನ್ನು ಬೀರೂರು, ತರೀಕೆರೆ ದಾಟಿಸಿ ಲಿಂಗದಹಳ್ಳಿ ಮೇಲೆ ಕಲ್ಲತ್ತಿಗಿರಿಗೆ ಬಿಟ್ಟೆ. ಒಂದೇ ಜಿಲ್ಲೆ, ಒಂದೇ ದಿನ, ಆದರೆ ಲಿಂಗದಹಳ್ಳಿ ದಾಟುತ್ತಿದ್ದಂತೆ ಗಾಜಿನ ಮೇಲೆ ಹನಿ. ಕಲ್ಲತ್ತಿಪುರದಲ್ಲಿ ನೀರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ವೀರಭದ್ರಸ್ವಾಮಿಯ ಗುಡಿ ಬಂಡೆಗೆ ಒರಗಿಕೊಂಡೇ ಇದೆ. ಗುಡಿಯ ಮುಂದೆ ಕಲ್ಲಿನ ಆನೆಗಳು. ಅವುಗಳ ಪಕ್ಕದಲ್ಲೇ ನೀರು ಸುರಿಯುತ್ತದೆ. ಹರಕೆಯವರು ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತ ಸಾಲು ನಿಂತಿದ್ದರು. ಒಬ್ಬ ಅಜ್ಜಿ ತಲೆಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಉಳಿದ ಮೈಯನ್ನೆಲ್ಲ ಜಲಪಾತಕ್ಕೆ ಒಪ್ಪಿಸಿದ್ದರು. ಕೂದಲು ಒದ್ದೆಯಾದರೆ ಶೀತ ಎಂಬ ನಂಬಿಕೆ ಗಟ್ಟಿ.

"122 ಮೀಟರ್ ಎತ್ತರ" ಎಂದು ಕಿರುಚಿದೆ. "ನಿಮ್ಮದು ಎಷ್ಟು?"

"ನಲವತ್ತೈದು" ಎಂದು ಭಾವ ಒಪ್ಪಿಕೊಂಡರು. "ಆದರೆ ಅಗಲ..."

ಅಷ್ಟರಲ್ಲಿ ಕೋತಿಯೊಂದು ಬಂದು ಅವರ ಕೈಯಲ್ಲಿದ್ದ ಹಣ್ಣುಕಾಯಿ ಚೀಲ ಕಿತ್ತುಕೊಂಡು ಹೋದದ್ದರಿಂದ ಅಗಲದ ವಿಷಯ ಅಲ್ಲಿಗೇ ನಿಂತಿತು.

ಮಧ್ಯಾಹ್ನ ತರೀಕೆರೆಯ ಹೋಟೆಲಿನಲ್ಲಿ ಸೆಟ್ ದೋಸೆ ತಿನ್ನುತ್ತ ಭಾವ ಸ್ವಲ್ಪ ಮೆತ್ತಗಾದರು. ಇಥಿಯೋಪಿಯಾದ ಇಂಜೆರಾ ನಮ್ಮ ಹುಳಿ ಬಂದ ದೋಸೆಯ ಹಾಗೇ ಇರುತ್ತದಂತೆ, ಅಗಲ ಮಾತ್ರ ಮೊರದಷ್ಟು. ಅಲ್ಲೂ ನೀರಿನ ಜಗಳ ಇದೆಯಂತೆ. 2025ರಲ್ಲಿ ಇಥಿಯೋಪಿಯಾ ನೀಲಿ ನೈಲ್‌ಗೆ ದೊಡ್ಡ ಅಣೆಕಟ್ಟು ಉದ್ಘಾಟಿಸಿತು. ಕೆಳಗಿನ ಈಜಿಪ್ಟ್‌ಗೆ ಅದು ಹಿಡಿಸಿಲ್ಲ. ಇಷ್ಟು ಕೇಳಿದ ಮೇಲೆ ನನಗೆ ಆ ದೇಶ ದೂರದ್ದೆನಿಸಲಿಲ್ಲ. ಮೇಲಿನವರು, ಕೆಳಗಿನವರು, ಟಿಎಂಸಿ ಲೆಕ್ಕ: ಇವನ್ನು ನಾವು ತೊಟ್ಟಿಲಲ್ಲೇ ಕೇಳಿ ಬೆಳೆದವರು.

ಕೊನೆಗೆ ಅಜ್ಜಂಪುರ. ಅಮೃತಮಹಲ್ ದನಗಳ ಊರು, ಕತೆಗಾರ ಆನಂದರ ಊರು, ಈಗ ಸುರಂಗದ ಊರು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಲಕ್ಕವಳ್ಳಿಯ ಭದ್ರೆಯ ನೀರನ್ನು ಪಂಪಿನಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ನೆಲದೊಳಗೆ ನುಗ್ಗಿಸಿ, ಆಚೆ ಬಯಲುಸೀಮೆಗೆ ಬಿಡುತ್ತಾರೆ. 2019ರಲ್ಲಿ ಆ ನೀರು ಮೊದಲ ಸಲ ವೇದಾವತಿಗೆ ಇಳಿದು ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆ ನಡೆಯಿತು. ಮಾರಿಕಣಿವೆ ಎಂದೂ ಕರೆಯುವ, 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ, ಒಳ್ಳೆಯ ಮಳೆಯೂ ಜೊತೆಗೂಡಿ, 2022ರಲ್ಲಿ ಮತ್ತೆ ಕೋಡಿ ಬಿತ್ತು. ಭದ್ರೆಗೆ ಕೊರತೆಯಾಗದಿರಲೆಂದು ತುಂಗೆಯಿಂದ 17.4 ಟಿಎಂಸಿ ಎತ್ತಿ ಅದಕ್ಕೆ ತುಂಬುವುದೂ ಯೋಜನೆಯಲ್ಲಿದೆ.

ಕಾಲುವೆ ಏರಿಯ ಮೇಲೆ ನಿಂತು ಇದನ್ನೆಲ್ಲ ವಿವರಿಸಿದೆ. ಅಂದು ಪಂಪು ಓಡುತ್ತಿರಲಿಲ್ಲ. ಕಾಲುವೆಯ ತಳದಲ್ಲಿ ಒಂದಿಷ್ಟು ಮಳೆನೀರು. ಭಾವನೊಳಗಿನ ಮೇಷ್ಟ್ರು ಎದ್ದರು. ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದರು.

"ತುಂಗೆಯಿಂದ ಭದ್ರೆಗೆ. ಭದ್ರೆಯಿಂದ ವೇದಾವತಿಗೆ. ವೇದಾವತಿ ಮುಂದೆ ಹಗರಿಯಾಗಿ ಬಳ್ಳಾರಿ ಕಡೆ ಹೋಗಿ ಸೇರೋದು ಯಾವ ನದಿಗೆ?"

"ತುಂಗಭದ್ರೆಗೆ."

"ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಆಗೋದು?"

"ಅದೂ ತುಂಗಭದ್ರೇನೇ."

"ಎರಡು ಕಡೆಯೂ ಕೊನೆಗೆ ಉತ್ತರ ಒಂದೇ. ಮತ್ಯಾಕಯ್ಯಾ ಇಷ್ಟು ಕರೆಂಟು ಸುಟ್ಟು, ಬೆಟ್ಟ ಕೊರೆದು ಸುತ್ತಿಸ್ತೀರಿ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಏರಿಯ ಮೇಲೆ ಕುರಿ ಬಿಟ್ಟುಕೊಂಡು, ಕಂಬಳಿ ಹೊದ್ದು ನಮ್ಮ ಗೆರೆಗಳನ್ನೇ ನೋಡುತ್ತಿದ್ದ ಯಜಮಾನರೊಬ್ಬರು ಬಾಯಿಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿದರು.

"ಸ್ವಾಮಿ, ಹೋಗೋ ದಾರೀಲಿ ನಮ್ ಕೆರೆ ಐತಲ್ಲ."

ಭಾವ ಕಡ್ಡಿ ಕೆಳಗಿಟ್ಟರು. ಯಜಮಾನರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾವೂರು, ಏನು ಕೆಲಸ ಎಂದು ವಿಚಾರಿಸಿದರು. ಆಫ್ರಿಕಾದಲ್ಲಿ ಮೇಷ್ಟ್ರು ಎಂದು ತಿಳಿದ ಕೂಡಲೇ ಕುರಿಗಳನ್ನು ಅವುಗಳ ಪಾಡಿಗೆ ಬಿಟ್ಟು ಹತ್ತಿರ ಬಂದು ಕೂತರು.

"ನನ್ ಮೊಮ್ಮಗ ಬಿಎಸ್ಸಿ, ಬಿಎಡ್ ಓದವ್ನೆ. ಅಲ್ಲಿ ಏನಾರ ಆಯ್ತದಾ? ನದಿ ಇಲ್ದಿದ್ರೂ ಪರವಾಗಿಲ್ಲ."